ಘಾಟಿಲ್ಲದ ಪೆಟ್ಟಿಗೆ

“ಘಾಟ ಬರಂಗಿಲ್ಲ, ಹೊಗಿ ಏಳಂಗಿಲ್ಲ, ಕಣ್ಣಾಗ ನೀರೂ ಬರಂಗಿಲ್ಲ. ಹಂಗಾರ ಅದು ಅಪಾಯ ಹೆಂಗಾತ್ರಿ ಅಕ್ಕಾರ?”

ಬ್ಯಾಡಗಿಯ ಅಗ್ನಿಶಾಮಕ ಠಾಣೆಯಲ್ಲಿ ನನ್ನ ಮೊದಲ ಪಾಠ ಮುಗಿದಾಗ ಬಂದ ಮೊದಲ ಪ್ರಶ್ನೆ ಇದು. ಕೇಳಿದವರು ಠಾಣೆಯ ಹಿರಿಯ ಫೈರ್‌ಮನ್. ಮೆಣಸಿನಕಾಯಿ ಗೋದಾಮಿಗೆ ಬಿದ್ದ ಬೆಂಕಿಗಳನ್ನೇ ಜೀವಮಾನವಿಡೀ ಆರಿಸಿದವರು. ಅವರ ಮಟ್ಟಿಗೆ ಅಪಾಯ ಎನ್ನುವುದು ಮೊದಲು ಮೂಗಿಗೆ ತಿಳಿಯಬೇಕು. ಒಂದು ಗಂಟೆ ಗಂಟಲು ಹರಿದುಕೊಂಡು ಪಾಠ ಮಾಡಿದ್ದೆ, ಎಲ್ಲವೂ ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಗಿತ್ತು. ನನಗೆ ಸಿಟ್ಟು ಬೇಗ. “ಕರೆಂಟಿಗೇನು ಘಾಟ ಐತೇನ್ರಿ?” ಅಂದೆ. “ಅದು ಮುಟ್ಟಿದ ಕೂಡ್ಲೆ ಜಾಡ್ಸಿ ಒದೀತೈತಲ್ರಿ” ಅಂದರು. ಎಲ್ಲರೂ ನಕ್ಕರು, ಮೊದಲನೆಯ ದಿನ ಮುಗಿಯಿತು.

ನಾನು ಆಗ ಹಾವೇರಿಯ ಆಸ್ಪತ್ರೆಯಲ್ಲಿ ಎಕ್ಸ್‌ರೇ ತಂತ್ರಜ್ಞೆ. ಆ ಹೊತ್ತಿಗೆ ನಮ್ಮ ಕಡೆ ಹೆದ್ದಾರಿ ಅಗಲವಾಗುತ್ತಿತ್ತು, ಐರಣಿಯ ಹೊಳೆಯಿಂದ ಕುಡಿಯುವ ನೀರಿಗೆ ದೊಡ್ಡ ಕಬ್ಬಿಣದ ಪೈಪು ಹಾಕುತ್ತಿದ್ದರು. ಪೈಪಿನ ಬೆಸುಗೆ ಗಟ್ಟಿಯಿದೆಯೋ ಇಲ್ಲವೋ ನೋಡಲು ಅದರ ಫೋಟೋ ತೆಗೆಯುತ್ತಾರೆ. ನಮ್ಮ ಎಕ್ಸ್‌ರೇಗೆ ಕರೆಂಟು ಬೇಕು, ಗುಂಡಿ ಒತ್ತಿದರೆ ಮಾತ್ರ ಕಿರಣ. ಅವರ ಪೆಟ್ಟಿಗೆಯೊಳಗೆ ಜೀರಿಗೆ ಕಾಳಿನಷ್ಟು ವಿಕಿರಣ ವಸ್ತು ಇರುತ್ತದೆ, ಅದಕ್ಕೆ ಗುಂಡಿಯೂ ಇಲ್ಲ, ಹಗಲು ರಾತ್ರಿ ಎನ್ನುವುದೂ ಇಲ್ಲ. ಪೆಟ್ಟಿಗೆಯ ದಪ್ಪ ಲೋಹದೊಳಗೆ ಇರುವ ತನಕ ಯಾರಿಗೂ ಏನೂ ಆಗುವುದಿಲ್ಲ. ಯಾರಾದರೂ ಪೆಟ್ಟಿಗೆ ಒಡೆದು ಆ ಕಾಳನ್ನು ಕೈಯಲ್ಲಿ ಹಿಡಿದರೆ ಕೈ ಉಳಿಯುವುದಿಲ್ಲ, ಕಿಸೆಯಲ್ಲಿ ಇಟ್ಟುಕೊಂಡರೆ ಮನುಷ್ಯನೇ ಉಳಿಯುವುದಿಲ್ಲ.

ಅಂಥ ಪೆಟ್ಟಿಗೆ ಕಳೆದುಹೋದರೆ ಏನು ಮಾಡಬೇಕು ಎಂದು ಅಗ್ನಿಶಾಮಕದವರಿಗೆ, ಪೊಲೀಸರಿಗೆ, ಗುಜರಿ ಅಂಗಡಿಯವರಿಗೆ ಕಲಿಸಬೇಕು ಎಂದು ಮೇಲಿನಿಂದ ಆದೇಶ ಬಂತು. ಎಕ್ಸ್‌ರೇ ಅಂದರೂ ಅದೇ ಅಲ್ಲವೇ ಎಂದು ನನ್ನನ್ನು ಐದು ದಿನದ ತರಬೇತಿಗೆ ಕಳಿಸಿದರು. ವಾಪಸ್ ಬರುವಾಗ ನನ್ನ ಹತ್ತಿರ ವಿಕಿರಣ ಅಳೆಯುವ ಒಂದು ಸರ್ವೆ ಮೀಟರು, ಒಂದು ಕಟ್ಟು ಪೋಸ್ಟರು ಮತ್ತು ಜೋರು ನೆಗಡಿ ಇದ್ದವು. ಮನಸ್ಸಿನಲ್ಲಿ ಒಂದೇ ಹೆದರಿಕೆ. ನಾನು ಸರಿಯಾಗಿ ಕಲಿಸದೆ ಹೋಗಿ, ಇವರಲ್ಲಿ ಯಾರಾದರೂ ನಿಜವಾದ ಪೆಟ್ಟಿಗೆಗೆ ಕೈ ಹಾಕಿದರೆ?

ಬ್ಯಾಡಗಿಯ ಅಣಕು ಕಾರ್ಯಾಚರಣೆ ಆ ಹೆದರಿಕೆಯನ್ನು ನಿಜ ಮಾಡಿತು. ಮಾರುಕಟ್ಟೆಯ ಹಿಂದಿನ ಬಯಲಲ್ಲಿ ಒಂದು ಖಾಲಿ ತಗಡಿನ ಪೆಟ್ಟಿಗೆ ಇಟ್ಟು, ಅದರ ಮೇಲೆ ಮೂರು ರೆಕ್ಕೆಯ ವಿಕಿರಣ ಚಿಹ್ನೆ ಅಂಟಿಸಿದ್ದೆ. ದೂರ ನಿಲ್ಲಬೇಕು, ಜನರನ್ನು ಸರಿಸಬೇಕು, ಮೀಟರು ನೋಡಬೇಕು ಎಂದು ಮೂರು ಸಲ ಹೇಳಿದ್ದೆ. ಗಾಡಿ ಗಂಟೆ ಬಾರಿಸುತ್ತ ಬಂತು. ನಾಲ್ವರು ಇಳಿದರು, ಗೋಣಿಚೀಲ ನೀರಲ್ಲಿ ಅದ್ದಿ ಮೂಗು ಬಾಯಿಗೆ ಕಟ್ಟಿಕೊಂಡರು, ನೇರ ಪೆಟ್ಟಿಗೆಯ ಹತ್ತಿರ ಓಡಿದರು. ಹಿರಿಯ ಫೈರ್‌ಮನ್ ಅದನ್ನು ಹೆಗಲ ಮೇಲೆ ಹೊತ್ತು ತಂದು ನನ್ನ ಕಾಲ ಬಳಿಯೇ ಇಳಿಸಿದರು. ಅವರಿಗೆ ಕೆಮ್ಮು ಬರಲಿಲ್ಲವೆಂದು ಗೊತ್ತಾದ ಕೂಡಲೇ ಹಮಾಲರು, ಮೆಣಸಿನಕಾಯಿ ತೊಟ್ಟು ತೆಗೆಯುವ ಹೆಣ್ಣುಮಕ್ಕಳು, ಚಹಾದಂಗಡಿಯವನು ಎಲ್ಲರೂ ಬಂದು ಸುತ್ತ ನಿಂತರು. ಬ್ಯಾಡಗಿಯಲ್ಲಿ ಅದೇ ಕ್ರಮ. ಗೋದಾಮಿಗೆ ಬೆಂಕಿ ಬಿದ್ದರೆ ಫೈರ್‌ಮನ್ ಕೆಮ್ಮುವ ತನಕ ಜನ ದೂರ, ಕೆಮ್ಮು ನಿಂತರೆ ಜನ ಹತ್ತಿರ.

ಠಾಣಾಧಿಕಾರಿ ವಹಿ ತೆರೆದು, ‘ಕಾರ್ಯಾಚರಣೆ ಯಶಸ್ವಿ’ ಎಂದು ಬರೆದು, ನನ್ನ ಸಹಿಗೆ ಮುಂದಿಟ್ಟರು. ನಾನು ಮಾಡಲಿಲ್ಲ. ಇದು ನಿಜವಾಗಿದ್ದರೆ ನಿಮ್ಮ ನಾಲ್ಕು ಜನ ಈಗ ಆಸ್ಪತ್ರೆಯಲ್ಲಿ ಇರುತ್ತಿದ್ದರು ಅಂದೆ. ದನಿ ಏರಿತ್ತು. ಹಿರಿಯ ಫೈರ್‌ಮನ್ನರ ಮುಖ ಸಣ್ಣದಾಯಿತು. ಇಪ್ಪತ್ತು ವರ್ಷ ಬೆಂಕಿಯೊಳಗೆ ಹೊಕ್ಕು ಬಂದವರಿಗೆ ಹತ್ತು ಜನರ ಮುಂದೆ ಹಾಗೆ ಅನ್ನಬಾರದಿತ್ತು. ಆ ಬುದ್ಧಿ ನನಗೆ ಆಮೇಲೆ ಬಂತು.

ಬಸ್ಸಿಗೆ ಇನ್ನೂ ಹೊತ್ತಿತ್ತು. ತೊಟ್ಟು ತೆಗೆಯುವವರ ಜೊತೆ ನೆರಳಲ್ಲಿ ಕುಳಿತೆ. ಅವರಲ್ಲಿ ಹಿರಿಯಾಕೆ ಚಹಾ ತರಿಸಿಕೊಟ್ಟರು. ಮಾತಾಡುತ್ತ ಮಾತಾಡುತ್ತ ನಾನೂ ಒಂದು ಹಿಡಿ ಕಾಯಿ ತೊಟ್ಟು ತೆಗೆಯತೊಡಗಿದೆ. ಆಕೆ ನನ್ನ ಕೈ ಹಿಡಿದು ನಿಲ್ಲಿಸಿದರು.

“ಸಾಕು ಬಿಡವ್ವಾ. ಈಗೇನೂ ಅನಸಂಗಿಲ್ಲ. ಮನಿಗೆ ಹೋಗಿ ಉಣ್ಣಾಕ ಕುಂತಾಗ ಗೊತ್ತಾಕ್ಕೈತಿ ಉರಿ. ಹೊಸದಾಗಿ ಬಂದೋರಿಗೆ ನಾವು ಹೊತ್ತು ನೋಡಿ ಎಬ್ಬಸ್ತೀವಿ, ಅವರು ಉರಿ ಅನ್ನೂತನಾ ಕಾಯಂಗಿಲ್ಲ.”

ನಾನು ಐದು ದಿನ ಕುಳಿತು ಕಲಿತದ್ದನ್ನು ಆಕೆ ಒಂದು ಲೋಟ ಚಹಾದಲ್ಲಿ ಹೇಳಿ ಮುಗಿಸಿದ್ದರು. ಆಕೆಯ ಮಾತು ಖರೇ ಎಂಬುದು ನನಗೆ ಊಟದ ಹೊತ್ತಿಗೆ ಗೊತ್ತಾಯಿತು. ಅಂಗೈ ಕೆಂಡವಾಗಿತ್ತು, ಮಜ್ಜಿಗೆಯಲ್ಲಿ ಅದ್ದಿಕೊಂಡು ಕುಳಿತೆ.

ಮುಂದಿನ ವಾರ ಪೋಸ್ಟರನ್ನು ಹಾವೇರಿಯಲ್ಲೇ ಬಿಟ್ಟು ಬ್ಯಾಡಗಿಗೆ ಹೋದೆ. ಇದು ಗೋದಾಮಿನ ಹೊಗೆಯಲ್ಲ, ತೊಟ್ಟು ತೆಗೆದ ಕೈಯ ಉರಿ ಅಂದೆ. ಆಗ ಗೊತ್ತಾಗುವುದಿಲ್ಲ, ಆಮೇಲೆ ಗೊತ್ತಾದರೆ ಉಪಯೋಗವಿಲ್ಲ, ಅದಕ್ಕೇ ಹೊತ್ತು ನೋಡಿ ಏಳಬೇಕು. ಹಿರಿಯ ಫೈರ್‌ಮನ್ ನನ್ನ ಮೇಲೆ ಮುನಿಸಿಕೊಂಡೇ ಇದ್ದರು, ಆದರೆ ತಲೆಯಾಡಿಸಿದರು. ಗಾಡಿಯ ಹಗ್ಗ ತೆಗೆಸಿ ಒಂದೇ ನಿಯಮ ಮಾಡಿದೆವು: ಹಗ್ಗ ಮೊದಲು, ಮನುಷ್ಯ ಆಮೇಲೆ. ಹಗ್ಗ ಎಲ್ಲಿ ಕಟ್ಟಬೇಕೆಂದು ಮೀಟರು ಹೇಳುತ್ತದೆ, ಮೂಗಲ್ಲ.

ಮೀಟರಿನ ಸದ್ದು ಅವರ ಕಿವಿಗೆ ಕೂರಬೇಕಿತ್ತು. ಯಾವ ಅಪಾಯವೂ ಇಲ್ಲದ ಕಡೆಯೂ ಅದು ಆಗೊಮ್ಮೆ ಈಗೊಮ್ಮೆ ಟಿಕ್ ಅನ್ನುತ್ತದೆ, ಯಾಕಂದರೆ ಮಣ್ಣಿನಲ್ಲಿ, ಕಲ್ಲಿನಲ್ಲಿ, ಆಕಾಶದಲ್ಲಿ ಎಲ್ಲೆಲ್ಲೂ ಅಷ್ಟಿಷ್ಟು ವಿಕಿರಣ ಇದ್ದೇ ಇದೆ. ಒಂದು ವಾರ ಅದನ್ನು ಠಾಣೆಯ ಮೇಜಿನ ಮೇಲೆ ಚಾಲೂ ಇಟ್ಟುಕೊಂಡು ಕೇಳಿ ಎಂದು ಬಿಟ್ಟು ಬಂದೆ. ವಾರದ ಮೇಲೆ ಮೀಟರು ಪೊಲೀಸ್ ಜೀಪಿನಲ್ಲಿ ನನಗೆ ವಾಪಸ್ ತಲುಪಿತು. ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

ರಾಣೆಬೆನ್ನೂರಿನಲ್ಲಿ ಗುಜರಿ ಅಂಗಡಿಯವರ ಸಭೆ ಅದಕ್ಕಿಂತ ಸುಲಭವಾಗಿತ್ತು. ಅವರಿಗೆ ಚಿಹ್ನೆ ತೋರಿಸಿ ಇದೇನು ಎಂದು ಕೇಳಿದೆ. ಬಿಳಿ ಟೊಪ್ಪಿಗೆಯ ಒಬ್ಬ ಹಿರಿಯ ವ್ಯಾಪಾರಿ, ಮೂರು ರೆಕ್ಕೆ ಐತಿ, ಫ್ಯಾನಿನ ಮೋಟರ್ ಪೆಟ್ಟಿಗಿ ಇರಬೇಕು, ಒಳಗ ತಾಮ್ರ ಸಿಗತೈತಿ ಅಂದರು. ಯಾರೂ ನಗಲಿಲ್ಲ, ಎಲ್ಲರೂ ಹಾಗೇ ತಿಳಿದಿದ್ದರು. ಪೆಟ್ಟಿಗೆ ಕೈಚೀಲದಷ್ಟಿದ್ದು ಎತ್ತಿದರೆ ಅರ್ಧ ಚೀಲ ಜೋಳದ ಭಾರ ಇದ್ದರೆ ಸಂಶಯಪಡಿ, ಒಡೆಯಬೇಡಿ, ನನಗೆ ಫೋನ್ ಮಾಡಿ ಎಂದು ಆಸ್ಪತ್ರೆಯ ನಂಬರು, ಚಿಹ್ನೆ ಎರಡೂ ಇದ್ದ ಚೀಟಿಯನ್ನು ಪ್ರತಿಯೊಬ್ಬರಿಗೂ ಕೊಟ್ಟೆ. ಆ ಹಿರಿಯರು ಚೀಟಿಯನ್ನು ಟೊಪ್ಪಿಗೆಯೊಳಗೆ ಇಟ್ಟುಕೊಂಡು, ಮಗಳು ಚೊಚ್ಚಲ ಬಸುರಿ, ಮನಿಗೆ ಬಂದಾಳ, ಲಗೂ ಹೋಗಬೇಕ್ರಿ ಎಂದು ಹೊರಟರು.

ಸುಮಾರು ಎರಡು ತಿಂಗಳ ಮೇಲೆ, ಒಂದು ಮಧ್ಯಾಹ್ನ, ಆಸ್ಪತ್ರೆಗೆ ಫೋನು ಬಂತು. ಅವರೇ.

ಫ್ಯಾನಿನ ಪೆಟ್ಟಿಗೆ ಬಂದಿದೆ ಅಂದರು. ಮುಂಜಾನೆ ಒಂಬತ್ತಕ್ಕೆ ಸೈಕಲ್ಲಿನಲ್ಲಿ ಉಳ್ಳಾಗಡ್ಡಿ ಕೊಟ್ಟು ಗುಜರಿ ಕೊಳ್ಳುವವನು ಕುಪ್ಪೇಲೂರು ರಸ್ತೆಯ ಬದಿಯಲ್ಲಿ ಸಿಕ್ಕಿತೆಂದು ತಂದು ಹಾಕಿದ್ದ. ಮೈತುಂಬ ಕೆಸರು. ಎರಡು ಗಂಟೆಗೆ ಒಡೆಯೋಣವೆಂದು ಸುತ್ತಿಗೆ ತಂದು, ಎಲ್ಲಿ ಹೊಡೆಯಬೇಕು ಎಂದು ನೋಡಲು ಕೆಸರು ಒರೆಸಿದರೆ ಮೂರು ರೆಕ್ಕೆ. ಮುಟ್ಟಬೇಡಿ, ಎಲ್ಲರೂ ಹೊರಗೆ ಬನ್ನಿ, ಓಣಿ ದಾಟಿ ನಿಲ್ಲಿ ಅಂದೆ.

“ಅಕ್ಕಾರ, ನನ್ನ ಮಗಳು ಮುಂಜಾನಿಂದ ಅಲ್ಲೇ ತಕ್ಕಡಿ ಬಾಜೂಕ ಕುಂತಾಳ್ರಿ. ಏಳು ತಿಂಗಳು ಆಕಿಗೆ. ಬರೋ ವಾರ ಕುಬಸ ಇಟಗೊಂಡೀವಿ.”

ಒಂಬತ್ತರಿಂದ ಎರಡರ ತನಕ ಬೆರಳು ಮಡಿಚಿ ಎಣಿಸಿದೆ. ಐದು ಗಂಟೆ. ಪೆಟ್ಟಿಗೆ ಸರಿಯಿದ್ದರೆ ಏನೂ ಆಗಿರುವುದಿಲ್ಲ. ಬಿದ್ದ ಪೆಟ್ಟಿಗೆ ಬಾಯಿ ಬಿಟ್ಟಿದ್ದರೆ, ಆ ಕಾಳು ಹೊರಗೆ ಜಾರಿದ್ದರೆ, ತಾಯಿಗೂ ಮಗುವಿಗೂ ಏನು ಹೇಳುವುದು? ಫೋನಿನಲ್ಲಿ ಮಾತ್ರ ಧೈರ್ಯ ಹೇಳಿದೆ. ಮೇಲಿನವರಿಗೆ ಸುದ್ದಿ ಮುಟ್ಟಿಸಿ, ಕಪಾಟಿನಿಂದ ಮೀಟರು ತೆಗೆದುಕೊಂಡು ಆಸ್ಪತ್ರೆಯ ಜೀಪು ಹತ್ತಿದೆ. ಪೈಪಿನ ಕಂಪನಿಯ ಜೀಪಿನ ಹಿಂಬಾಗಿಲು ತೆರೆದುಕೊಂಡು ಪೆಟ್ಟಿಗೆ ಬಿದ್ದುಹೋಗಿತ್ತೆಂದೂ, ಅವರು ಐರಣಿಯ ಹಾದಿಯಲ್ಲಿ ಹುಡುಕುತ್ತಿದ್ದಾರೆಂದೂ ದಾರಿಯಲ್ಲಿ ಪೊಲೀಸರಿಂದ ತಿಳಿಯಿತು.

ರಾಣೆಬೆನ್ನೂರಿನ ಅಗ್ನಿಶಾಮಕ ಗಾಡಿ ಎಲ್ಲೋ ಬಣವೆಗೆ ಬಿದ್ದ ಬೆಂಕಿಗೆ ಹೋಗಿತ್ತು. ಹಾಗಾಗಿ ಬ್ಯಾಡಗಿಯ ಗಾಡಿ ಬಂದಿತ್ತು, ನನಗಿಂತ ಮೊದಲೇ. ನೋಡಿದರೆ ಮೀಟರು ಬರುವ ತನಕ ಇರಲಿ ಎಂದು ಓಣಿಯ ಬಾಯಿಗೆ ಹಗ್ಗ ಕಟ್ಟಿದೆ. ಹಗ್ಗದ ಈಚೆ ಹಿರಿಯ ಫೈರ್‌ಮನ್, ಮೂಗಿಗೆ ಗೋಣಿ ಇಲ್ಲ. ಊರ ಮುಖಂಡರೊಬ್ಬರು ಇದನ್ನೆಲ್ಲ ಯಾಕೆ, ಎತ್ತಿಕೊಂಡು ಹೋಗಿ ಐರಣಿ ಹೊಳೆಗೆ ಒಗೆದುಬಿಡಿ ಎಂದು ಅವರಿಗೆ ಹೇಳುತ್ತಿದ್ದರು. ಆ ನೀರು ಕುಡಿಯಲಿಕ್ಕೇ ಪೈಪು ಹಾಕುತ್ತಿದ್ದಾರೆ ಸಾಹೇಬರೇ ಎಂದು ಫೈರ್‌ಮನ್ ಬಹಳ ವಿನಯದಿಂದ ಉತ್ತರ ಕೊಟ್ಟರು.

ಮೀಟರು ಚಾಲೂ ಮಾಡಿ ಹಗ್ಗದೊಳಗೆ ಹೊಕ್ಕೆ. ಹತ್ತು ಹೆಜ್ಜೆ. ಮುಳ್ಳು ಸೊನ್ನೆಯ ಮೇಲೆ. ಇಪ್ಪತ್ತು ಹೆಜ್ಜೆ, ಅಂಗಡಿಯ ಬಾಗಿಲು ಕಾಣುತ್ತಿತ್ತು. ಮುಳ್ಳು ಅಲುಗಲಿಲ್ಲ. ನನಗೆ ಎಷ್ಟು ಸಮಾಧಾನವಾಯಿತೆಂದರೆ ಹಿಂದಿರುಗಿ, ಏನೂ ಇಲ್ಲ, ಸೊನ್ನೆ ಇದೆ ಎಂದು ಕೂಗಿಯೇಬಿಟ್ಟೆ. ಜನರಲ್ಲಿ ಗದ್ದಲವೆದ್ದಿತು. ಬಸುರಿ ಹುಡುಗಿಯ ತಾಯಿ ಕೈ ಮುಗಿಯುವುದು ಕಂಡಿತು. ಕೆಲವರು ಹಗ್ಗ ಎತ್ತಿ ಒಳಗೆ ಕಾಲಿಟ್ಟರು. ಹಿರಿಯ ಫೈರ್‌ಮನ್ ಮಾತ್ರ ಎರಡೂ ಕೈಯಿಂದ ಹಗ್ಗ ಜಗ್ಗಿ ಹಿಡಿದರು.

“ಅಕ್ಕಾರ, ಒಂದು ಟಿಕ್ಕೂ ಅನ್ನವಲ್ದಲ್ರಿ ಅದು. ನಮ್ಮ ಠಾಣೇದಾಗ ಖಾಲಿ ಮೇಜಿನ ಮ್ಯಾಲಾರ ಅಂತಿತ್ತು.”

ನಾನು ನಿಂತಲ್ಲೇ ನಿಂತೆ. ಅವರು ಹೇಳಿದ್ದು ಸರಿ. ಏನೂ ಇಲ್ಲದ ಕಡೆಯೂ ಟಿಕ್ ಅನ್ನುವ ಮೀಟರು ಪೂರ್ತಿ ಸುಮ್ಮನಿದ್ದರೆ ಅದಕ್ಕೆ ಎರಡೇ ಕಾರಣ. ಒಂದು, ಮೀಟರು ಸತ್ತಿದೆ. ಇನ್ನೊಂದು, ಕಿರಣ ಎಷ್ಟು ಜೋರಾಗಿದೆಯೆಂದರೆ ಅಂಥ ಮೀಟರಿಗೆ ಉಸಿರುಗಟ್ಟಿ ಮುಳ್ಳು ಸೊನ್ನೆಗೆ ಬಿದ್ದಿದೆ. ಇದನ್ನು ತರಬೇತಿಯಲ್ಲಿ ಕಲಿತು ಬಂದವಳು ನಾನು, ಕಲಿಸಿದವಳೂ ನಾನು. ಪುರಾಣ ಹೇಳಾಕ, ಬದನಿಕಾಯಿ ತಿನ್ನಾಕ ಅನ್ನುತ್ತಾರಲ್ಲ, ಹಾಗಾಗಿತ್ತು ನನ್ನ ಕಥೆ.

ಸುಮ್ಮನೆ ಮೀಟರು ತಟ್ಟಿಕೊಂಡು ಹೊರಗೆ ಬಂದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮರ್ಯಾದೆ ಉಳಿಯುತ್ತಿತ್ತು. ಆದರೆ ಆಗಲೇ ನಾಲ್ಕು ಜನ ಹಗ್ಗದೊಳಗಿದ್ದರು. ಓಡಿ ಬಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: “ನಾ ಹೇಳಿದ್ದು ತಪ್ಪು. ಅಲ್ಲಿ ಏನೈತಿ ಅಂತ ನನಗಿನ್ನೂ ಗೊತ್ತಿಲ್ಲ. ಎಲ್ಲಾರೂ ಹಿಂದ ಸರೀರಿ.” ಮುಖಂಡರು, ಇವರಿಗೇ ಗೊತ್ತಿಲ್ಲವಂತೆ ಎಂದು ನಕ್ಕರು. ನಗಲಿ. ಹಗ್ಗವನ್ನು ದೊಡ್ಡ ರಸ್ತೆಯ ಆಚೆಗೆ ಒಯ್ದೆವು, ಓಣಿಯ ಎರಡೂ ಬದಿಯ ಮನೆ ಖಾಲಿ ಮಾಡಿಸಿದೆವು. ಹುಡುಗಿಯ ತಾಯಿ ಮುಗಿದ ಕೈ ಇಳಿಸಿ ನನ್ನನ್ನೇ ನೋಡುತ್ತಿದ್ದರು. ಆ ನೋಟವನ್ನು ಎದುರಿಸಲು ನನಗೆ ಆಗಲಿಲ್ಲ.

ಆಮೇಲೆ ಮೊದಲು ಮಾಡಬೇಕಾಗಿದ್ದ ಕೆಲಸ ಮಾಡಿದೆ. ಮೀಟರಿನ ಬ್ಯಾಟರಿ ನೋಡುವ ಗುಂಡಿ ಒತ್ತಿದೆ. ಮುಳ್ಳು ಅಲುಗಲಿಲ್ಲ. ಸತ್ತದ್ದು ಮೀಟರು. ಠಾಣೆಯಲ್ಲಿ ವಾರವಿಡೀ ಟಿಕ್ ಟಿಕ್ ಅಂದು ಅದರ ಸೆಲ್ಲು ಮುಗಿದಿತ್ತು, ನಾನು ನೋಡದೆ ಕಪಾಟಿಗೆ ಹಾಕಿದ್ದೆ, ಅಲ್ಲಿ ಸೆಲ್ಲು ಸೋರಿ ಒಳಗೆಲ್ಲ ಬಿಳಿ ಹಿಟ್ಟು. ಅಂದರೆ ನಾನು ಆ ಇಪ್ಪತ್ತು ಹೆಜ್ಜೆ ಕುರುಡಿಯ ಹಾಗೆ ನಡೆದಿದ್ದೆ. ಪೆಟ್ಟಿಗೆಯ ವಿಷಯ ಇನ್ನೂ ಗೊತ್ತಿರಲಿಲ್ಲ.

ರಸ್ತೆಯಾಚೆಯ ಕಿರಾಣಿ ಅಂಗಡಿಯಿಂದ ಹೊಸ ಸೆಲ್ಲು ತಂದರು. ಹಿರಿಯ ಫೈರ್‌ಮನ್ ಚಾಕುವಿನಿಂದ ಬಿಳಿ ಹಿಟ್ಟು ಕೆರೆದರು. ಸೆಲ್ಲನ್ನೂ ಅವರೇ ಕೂರಿಸಿದರು. ಚಾಲೂ ಮಾಡಿದೆ. ಐದಾರು ಸೆಕೆಂಡು ಏನೂ ಇಲ್ಲ. ಟಿಕ್. ಮತ್ತೆ ಸುಮ್ಮನೆ. ಟಿಕ್. ಮೀಟರು ಪರೀಕ್ಷಿಸಲೆಂದೇ ಕೊಟ್ಟಿದ್ದ, ತೀರಾ ಅಲ್ಪ ವಿಕಿರಣದ ಬಿಲ್ಲೆಯನ್ನು ಹತ್ತಿರ ಹಿಡಿದೆ, ಪಟಪಟ ಸದ್ದು ಮಾಡಿತು. ಈಗ ಅದನ್ನು ನಂಬಬಹುದಿತ್ತು.

ಮೀಟರನ್ನು ಉದ್ದನೆಯ ಬಿದಿರಿನ ಗಳದ ತುದಿಗೆ ಕಟ್ಟಿದೆವು. ಎರಡು ನಿಮಿಷ, ಅಷ್ಟೇ ಎಂದು ಫೈರ್‌ಮನ್ ತಮ್ಮ ಗಡಿಯಾರವನ್ನು ಠಾಣಾಧಿಕಾರಿಯ ಕೈಗೆ ಕೊಟ್ಟು, ಗಳ ಹಿಡಿದು ನನ್ನ ಜೊತೆ ಬಂದರು. ಓಣಿಯ ಬಾಯಲ್ಲಿ ಅದೇ ಬಿಡಿ ಟಿಕ್. ಬಾಗಿಲಲ್ಲಿಯೂ ಅಷ್ಟೇ. ಗಳವನ್ನು ಒಳಗೆ ಚಾಚಿದೆವು. ತಕ್ಕಡಿಯ ಹತ್ತಿರ, ಹುಡುಗಿ ಕುಳಿತಿದ್ದ ಮಣೆಯ ಮೇಲೆ, ಸದ್ದು ಸ್ವಲ್ಪ ಚುರುಕಾಯಿತು. ಪೆಟ್ಟಿಗೆಯ ಮೇಲೆಯೇ ಹಿಡಿದಾಗ ಜೋರಾಗಿ ಒದರಿತು, ಮುಳ್ಳು ಏರಿತು. ಏರಿತು, ಆದರೆ ಗಟ್ಟಿ ಇರುವ ಪೆಟ್ಟಿಗೆಯ ಹೊರಮೈಯಲ್ಲಿ ಎಷ್ಟಿರಬೇಕೋ ಅಷ್ಟಕ್ಕೇ ನಿಂತಿತು. ಎರಡೂ ತುದಿಯ ಮುಚ್ಚಳ ಇದ್ದವು, ಬೀಗ ಇತ್ತು. ಸುತ್ತಿಗೆ ಪಕ್ಕದಲ್ಲೇ ಬಿದ್ದಿತ್ತು.

“ಹೊತ್ತಾತು ಅಕ್ಕಾರ, ಏಳ್ರಿ” ಅಂದರು ಫೈರ್‌ಮನ್. ನಾನು ಕುಕ್ಕರಗಾಲಲ್ಲಿ ಕುಳಿತುಬಿಟ್ಟಿದ್ದೆ, ನನಗೇ ಗೊತ್ತಿರಲಿಲ್ಲ.

ಹುಡುಗಿಯನ್ನು ರಸ್ತೆಯಾಚೆಯ ಮನೆಯೊಂದರ ಕಟ್ಟೆಯ ಮೇಲೆ ಕೂರಿಸಿದ್ದರು. ಮೀಟರು ತೋರಿಸಿದ್ದನ್ನು ಐದು ಗಂಟೆಯಿಂದ ಗುಣಿಸಿ ಅವಳೆದುರೇ ಕಾಗದದ ಮೇಲೆ ಲೆಕ್ಕ ಮಾಡಿದೆ, ಎರಡು ಸಲ. ಎದೆಯ ಒಂದು ಎಕ್ಸ್‌ರೇಗಿಂತ ಹೆಚ್ಚಿಲ್ಲ, ನಿನಗೂ ಏನೂ ಆಗಿಲ್ಲ, ಮಗುವಿಗೂ ಏನೂ ಆಗಿಲ್ಲ ಅಂದೆ. ಅವಳು ಕಾಗದ ನೋಡಲಿಲ್ಲ. ಆ ಯಂತ್ರವನ್ನು ನನ್ನ ಹೊಟ್ಟೆಯ ಹತ್ತಿರ ಹಿಡಿಯಿರಿ ಅಂದಳು. ಅದರ ಅಗತ್ಯ ಇರಲಿಲ್ಲ. ಪೆಟ್ಟಿಗೆಯಿಂದ ಮೈಗೆ ಏನೂ ಅಂಟಿಕೊಳ್ಳುವುದಿಲ್ಲ ಎಂದು ಪಾಠ ಶುರು ಮಾಡುವವಳಿದ್ದೆ, ಬಾಯಿ ಮುಚ್ಚಿಕೊಂಡು ಹಿಡಿದೆ. ಟಿಕ್. ಅವಳು ಬೆದರಿ ನನ್ನ ಕೈ ಹಿಡಿದಳು. ಮೀಟರನ್ನು ನನ್ನ ಹೊಟ್ಟೆಗೆ ಹಿಡಿದು ತೋರಿಸಿದೆ, ಅವಳ ತಾಯಿಗೆ ಹಿಡಿದೆ, ಕಟ್ಟೆಯ ಕಲ್ಲಿಗೆ ಹಿಡಿದೆ. ಎಲ್ಲ ಕಡೆಯೂ ಅದೇ ಟಿಕ್. ತಾಯಿ ಆಗ ಅತ್ತರು. ನನಗೂ ತಡೆಯಲಿಲ್ಲ.

ಸಂಜೆಯೊಳಗೆ ಕಂಪನಿಯ ಸುರಕ್ಷತಾ ಅಧಿಕಾರಿ ಬೀಗದ ಕೈ, ತಮ್ಮದೇ ಮೀಟರು ತೆಗೆದುಕೊಂಡು ಬಂದರು. ಅವರ ಮುಳ್ಳೂ ನನ್ನ ಮುಳ್ಳೂ ಒಂದೇ ಮಾತು ಹೇಳಿದವು. ವಿಕಿರಣ ವಸ್ತು ತನ್ನ ಜಾಗದಲ್ಲೇ ಭದ್ರವಾಗಿತ್ತು. ಪೆಟ್ಟಿಗೆಯನ್ನು ಸರಪಳಿ ಹಾಕಿ ಜೀಪಿಗೆ ಬಿಗಿದರು, ಹಿಂಬಾಗಿಲಿನ ಚಿಲಕವನ್ನು ಹಿರಿಯ ಫೈರ್‌ಮನ್ ತಾವೇ ಮೂರು ಸಲ ಜಗ್ಗಿ ನೋಡಿದರು.

ಮರುದಿನ ಬ್ಯಾಡಗಿಗೆ ಹೋಗಿ ಠಾಣೆಯ ವಹಿ ತೆಗೆಸಿದೆ. ಹಳೆಯ ಪುಟದ ‘ಯಶಸ್ವಿ’ಗೆ ಅಡ್ಡಗೆರೆ ಎಳೆದು, ಕೆಳಗೆ ರಾಣೆಬೆನ್ನೂರಿನ ಕೆಲಸ ಬರೆದು ಸಹಿ ಮಾಡಿದೆ. ತಂತ್ರಜ್ಞೆಯು ಬ್ಯಾಟರಿ ಪರೀಕ್ಷಿಸಿರಲಿಲ್ಲ, ಫೈರ್‌ಮನ್ ಗುರುತಿಸಿದರು ಎಂದು ಸೇರಿಸಿದೆ. ಅದನ್ಯಾಕ ಬರದ್ರಿ ಎಂದು ಅವರು ನಾಚಿದರು. ಮೀಸೆಯ ಕೆಳಗೆ ನಗು ಮಾತ್ರ ಅಡಗಲಿಲ್ಲ. ಅಂದಿನಿಂದ ಅವರು ನನ್ನೊಡನೆ ಮುನಿಸಿಕೊಂಡಿಲ್ಲ.

ಸೀಮಂತದ ಕುಬಸಕ್ಕೆ ನನ್ನನ್ನೂ ಕರೆದಿದ್ದರು. ಹಸಿರು ಸೀರೆ, ಹಸಿರು ಬಳೆ, ಹುಡುಗಿ ಚೆನ್ನಾಗಿ ಉಂಡಳು. ಲೆಕ್ಕ ಸರಿಯಿದೆ ಎಂದು ನನಗೆ ಗೊತ್ತಿತ್ತು. ಕಾಗದ ನನ್ನ ಪರ್ಸಿನಲ್ಲೇ ಇತ್ತು, ಆ ಎರಡು ತಿಂಗಳು ಅದನ್ನು ಎಷ್ಟು ಸಲ ತೆಗೆದು ನೋಡಿದೆನೋ.

ಒಂದು ಮುಂಜಾನೆ ಆಸ್ಪತ್ರೆಗೆ ಫೋನು ಬಂತು. ಟೊಪ್ಪಿಗೆಯ ಹಿರಿಯರ ದನಿ.

“ಅಕ್ಕಾರ, ಹೆಣ್ಣು ಕೂಸು. ತಾಯಿ ಆರಾಮ ಅದಾಳ. ಕೈಬೆರಳು ಹತ್ತೂ ಅದಾವ್ರಿ, ನಾ ಎರಡು ಸಲ ಎಣಿಸೀನಿ.”

“ಕಾಲಿನವು?” ಅಂದೆ. ಲೆಕ್ಕ ಬಲ್ಲವಳು ಕೇಳುವ ಪ್ರಶ್ನೆಯಲ್ಲ ಅದು. ಬಾಯಿಂದ ಬಂದುಬಿಟ್ಟಿತ್ತು.

ಅವರು ಫೋನು ಕೆಳಗಿಟ್ಟು ಒಳಗೆ ಹೋದರು. ನಾನು ಕಾದೆ.

“ಹತ್ತೂ ಅದಾವ್ರಿ” ಅಂದರು.